ಬೆಳಕಿಗೆ ಹಿಡಿದ ಹಾಳೆ

ಮುನ್ನೂರು ವರ್ಷದ ಹಿಂದಿನ ಹಾಳೆಯೊಂದನ್ನು ಮೆಲ್ಲಗೆ ಬೆಳಕಿಗೆ ಎತ್ತಿ ಹಿಡಿದರೆ, ಅದರ ಮೇಲಿನ ಶಾಯಿ ಕ್ಷಣಕಾಲ ಹಿಂದೆ ಸರಿದು, ಹಾಳೆಯ ಮೈಯೊಳಗೆ ಅಡಗಿದ್ದ ಬೇರೊಂದು ಬರಹ ಮೂಡುತ್ತದೆ. ಒತ್ತೊತ್ತಾದ ಸಣ್ಣ ಗೆರೆಗಳು, ಅವನ್ನು ಅಡ್ಡ ಹಾಯುವ ದೂರದೂರದ ಗೆರೆಗಳು, ಅವುಗಳ ನಡುವೆ ತೇಲುವ ಅರ್ಧಚಂದ್ರ, ಇಲ್ಲವೇ ಯಾರದೋ ಹೆಸರಿನ ಮೊದಲಕ್ಷರಗಳು. ನೋಟನ್ನು ಬಿಸಿಲಿಗೆ ಹಿಡಿದು ಗಾಂಧೀಜಿಯ ಮುಖ ಹುಡುಕುವಾಗ ನಾವು ನೋಡುವುದೂ ಇದನ್ನೇ, ವಾಟರ್‌ಮಾರ್ಕನ್ನೇ. ಆದರೆ ಗ್ರಂಥಾಲಯದ ತಂಪು ಕೋಣೆಯಲ್ಲಿ ಜರ್ಮನ್ ಸಂಗೀತಕಾರ ಯೊಹಾನ್ ಸೆಬಾಸ್ಟಿಯನ್ ಬಾಖ್‌ನ ಕಾಂಟಾಟಾ ಒಂದರ ಹಾಳೆಯನ್ನು ಹೀಗೆ ಹಿಡಿದು ಕೂತವರಿಗೆ ಆ ಅರ್ಧಚಂದ್ರ ಹೇಳುವುದು ಬೇರೆಯೇ ಕತೆ. ಈ ಹಾಡು ಯಾವ ವರ್ಷದ್ದು, ಯಾವ ಭಾನುವಾರದ್ದು, ಅದನ್ನು ಬರೆಯುವಾಗ ಆ ಮನುಷ್ಯನ ಮನೆಯಲ್ಲಿ ಯಾವ ಮಗು ತೊಟ್ಟಿಲಲ್ಲಿತ್ತು, ಯಾವುದು ಮಣ್ಣಿಗೆ ಹೋಗಿತ್ತು ಎಂಬಲ್ಲಿಯವರೆಗೆ ಆ ನಸು ಬಿಳುಪಿನ ಚಂದ್ರನ ಬೆಳಕು ಹಾಯುತ್ತದೆ. ಅಲ್ಲಿ ಸದ್ದಿಲ್ಲ. ಒಂದು ಸ್ವರವೂ ಕೇಳುವುದಿಲ್ಲ. ಆದರೂ ಹಾಗೆ ಹಾಳೆ ಹಿಡಿದು ಕೂತವರು ಏನನ್ನೋ ಕೇಳಿಸಿಕೊಳ್ಳುತ್ತಿದ್ದಾರೆ ಎಂದೇ ನನಗೆ ಯಾವಾಗಲೂ ಅನ್ನಿಸುತ್ತದೆ.

ಆ ಕಾಲದ ಯೂರೋಪಿನಲ್ಲಿ ಕಾಗದ ಮರದಿಂದ ಆಗುತ್ತಿರಲಿಲ್ಲ, ಉಟ್ಟು ಸವೆದ ಬಟ್ಟೆಯಿಂದ ಆಗುತ್ತಿತ್ತು. ಅಗಸೆ ನಾರಿನ ಹಳೆಯ ಅಂಗಿ, ಹಾಸಿಗೆಯ ಹರಿದ ಹೊದಿಕೆ, ಯಾರದೋ ಬೆವರು ಕುಡಿದ ಒಳಉಡುಪು ಎಲ್ಲವನ್ನೂ ಚಿಂದಿ ಆಯುವವರು ಊರೂರು ಅಲೆದು ತಂದು ಕೊಟ್ಟ ಮೇಲೆ, ಅದನ್ನು ಕೊಳೆಸಿ, ಕುಟ್ಟಿ, ತೊಟ್ಟಿಯ ನೀರಿನಲ್ಲಿ ಕದಡಿ, ತಂತಿಯ ಜಾಲರಿಯ ಅಚ್ಚನ್ನು ಅದರಲ್ಲಿ ಮುಳುಗಿಸಿ ಮೇಲೆತ್ತುತ್ತಿದ್ದರು. ನೀರು ಸೋರಿ ನಾರು ಉಳಿಯುತ್ತಿತ್ತು. ಅಚ್ಚಿನ ಮೇಲೆ ತಂತಿಯಲ್ಲೇ ಬಿಗಿದ ಚಿತ್ರವಿದ್ದ ಕಡೆ ನಾರು ಒಂದಿಷ್ಟು ತೆಳುವಾಗಿ ನಿಂತು, ಒಣಗಿದ ಮೇಲೆ ಬೆಳಕಿಗೆ ದಾರಿ ಬಿಡುತ್ತಿತ್ತು. ಅಚ್ಚುಗಳು ಯಾವಾಗಲೂ ಜೋಡಿಯಾಗಿ ಕೆಲಸ ಮಾಡುತ್ತಿದ್ದವು, ಒಂದು ತೊಟ್ಟಿಯಲ್ಲಿದ್ದಾಗ ಇನ್ನೊಂದು ಹಾಳೆ ಇಳಿಸುತ್ತಿತ್ತು. ಆದ್ದರಿಂದ ಚಂದ್ರರೂ ಅವಳಿಗಳು, ಅವಳಿಗಳಂತೆಯೇ ಒಂದರ ಹಾಗೆ ಇನ್ನೊಂದು ಇದ್ದೂ ಇರದವು. ದಿನವಿಡೀ ಮುಳುಗಿ ಎದ್ದು ತಂತಿ ಸವೆಯುತ್ತಿತ್ತು, ಒಂದು ಕೊಂಬು ಕೊಂಚ ಬಾಗುತ್ತಿತ್ತು, ಹೊಲಿಗೆ ಸಡಿಲಿ ಚಿತ್ರ ಓರೆಯಾಗುತ್ತಿತ್ತು, ಕೊನೆಗೊಂದು ದಿನ ಅಚ್ಚೇ ಹೋಗಿ ಹೊಸದು ಬರುತ್ತಿತ್ತು. ಹೆಸರಿಲ್ಲದ ಯಾವನೋ ಕಾಗದಗಾರನ ಕೈಯಲ್ಲಿ ಬಾಗಿದ ಆ ತಂತಿಯ ತುದಿ, ಹೆಸರಿಲ್ಲದ ಜನ ಉಟ್ಟು ಬಿಸುಟ ಬಟ್ಟೆಯ ಮೇಲೆ ಒತ್ತಿ ನಿಂತು, ಮುನ್ನೂರು ವರ್ಷದ ಮೇಲೆ ಸಂಗೀತಕ್ಕೆ ಸಾಕ್ಷಿ ಹೇಳುತ್ತದೆ. ಆ ಕಾಲದ ಸಂಗೀತವೆಲ್ಲ ನಮಗೆ ಬಂದು ಮುಟ್ಟಿರುವುದು ಜನರ ಮೈಗೆ ಅಂಟಿದ್ದ ಬಟ್ಟೆಯ ಮೇಲೆ ಬರೆದುಕೊಂಡು ಎಂಬುದು ನೆನಪಾದಾಗೆಲ್ಲ ನನ್ನ ಮನಸ್ಸು ಒಂದು ಗಳಿಗೆ ಅಲ್ಲೇ ನಿಂತುಬಿಡುತ್ತದೆ.

ಬಾಖ್ ಲೈಪ್‌ಜಿಗ್‌ಗೆ ಬಂದದ್ದು 1723ರಲ್ಲಿ, ಸಂತ ತೋಮಸರ ಶಾಲೆಯ ಸಂಗೀತ ಗುರುವಾಗಿ, ಕ್ಯಾಂಟರ್ ಆಗಿ. ಆಗ ಅವನಿಗೆ ಮೂವತ್ತೆಂಟು. ಭಾನುವಾರ ಬಂತೆಂದರೆ ಬೆಳಗಿನ ಆರಾಧನೆಯಲ್ಲಿ ಒಂದು ಕಾಂಟಾಟಾ ಆಗಬೇಕು. ಹಾಡುಗಾರರು, ವಾದ್ಯ, ಆರ್ಗನ್ ಎಲ್ಲ ಸೇರಿ ಅರ್ಧ ಗಂಟೆಯಷ್ಟು ಹೊತ್ತಿನ ಸಂಗೀತ. ವಾರದ ಮೊದಲಿಗೆ ಖಾಲಿ ಹಾಳೆ. ಐದು ಮೂತಿಯ ಹಿತ್ತಾಳೆ ಲೇಖನಿಯೊಂದು, ಅದಕ್ಕೆ ರಾಸ್ಟ್ರಮ್ ಎಂದು ಹೆಸರು, ಶಾಯಿಯಲ್ಲಿ ಅದ್ದಿ ಹಾಳೆಯ ಈ ತುದಿಯಿಂದ ಆ ತುದಿಗೆ ಎಳೆದರೆ ಐದು ಗೆರೆ ಒಟ್ಟಿಗೆ ಬೀಳುತ್ತವೆ. ಒಂದು ಮೂತಿ ತುಸು ವಾರೆಯಾಗಿದ್ದರೆ ಎರಡು ಗೆರೆಗಳ ನಡುವಿನ ಅಂತರ ಹಾಳೆಯುದ್ದಕ್ಕೂ ಹೆಚ್ಚೇ ಉಳಿಯುತ್ತದೆ, ಅದನ್ನೂ ಇವತ್ತಿನ ವಿದ್ವಾಂಸರು ಅಳೆದು ಬರೆದಿಟ್ಟುಕೊಳ್ಳುತ್ತಾರೆ. ಗೆರೆ ಎಳೆದಾದ ಮೇಲೆ ಹಾಳೆಯ ನೆತ್ತಿಯಲ್ಲಿ ಎರಡು ಪುಟ್ಟ ಅಕ್ಷರ, ಯೇಸುವೇ ನೆರವಾಗು ಎಂಬ ಮೊರೆಯ ಕಿರುರೂಪ. ಮುಗಿದ ಮೇಲೆ ಮೂರು ಅಕ್ಷರ, ದೇವರೊಬ್ಬನಿಗೇ ಮಹಿಮೆ ಎಂದು. ಅವೆರಡರ ನಡುವೆ ಆ ವಾರದ ಬದುಕೆಲ್ಲ ಸುರಿದಿದೆ. ಅವಸರದಲ್ಲಿ ಓಡಿದ ಶಾಯಿ, ಒರೆಸಿ ಮತ್ತೆ ಬರೆದ ಕಡೆ ಕಪ್ಪಾದ ಕಾಗದ. ಹಾಳೆ ತಿರುವುವಷ್ಟರಲ್ಲಿ ಮರೆತುಹೋದೀತೆಂದು ಮುಂದಿನ ಸಾಲಿನ ನಾಲ್ಕು ಸ್ವರಗಳನ್ನು ಪುಟದ ಅಡಿಯಲ್ಲಿ ಗೀಚಿಟ್ಟುಕೊಂಡದ್ದೂ ಅಲ್ಲಲ್ಲಿ ಸಿಗುತ್ತದೆ. ಶಾಯಿ ಒಣಗುವುದನ್ನು ಕಾಯುವ ಆ ಹೊತ್ತಿನಲ್ಲಿ ಮನಸ್ಸು ಮುಂದೆ ಓಡಿತ್ತು. ಪುಟದ ಅಡಿಯಲ್ಲಿರುವ ಆ ನಾಲ್ಕು ಸ್ವರಗಳಷ್ಟು ಹತ್ತಿರದಿಂದ ಅವನನ್ನು ತೋರಿಸುವುದು ಅವನ ಯಾವ ಭಾವಚಿತ್ರಕ್ಕೂ ಆಗಿಲ್ಲ.

ಬರೆದು ಮುಗಿದ ಹಾಳೆಗಳು ಶಾಲೆಯ ಹುಡುಗರ ಕೈಗೆ ಹೋಗುತ್ತಿದ್ದವು. ಪಿಟೀಲಿಗೆ ಬೇರೆ, ಓಬೋಗೆ ಬೇರೆ, ಹಾಡುವ ಪ್ರತಿ ದನಿಗೆ ಬೇರೆ ಎಂದು ಪ್ರತಿ ತೆಗೆಯಬೇಕು, ಭಾನುವಾರ ಕಾಯುವುದಿಲ್ಲ. ಮೋಂಬತ್ತಿಯ ಬೆಳಕಿನಲ್ಲಿ ತಲೆ ಬಗ್ಗಿಸಿ ಬರೆದ ಆ ಹುಡುಗರು ಎಲ್ಲೂ ಹೆಸರು ಹಾಕಲಿಲ್ಲ. ಅವರಲ್ಲೊಬ್ಬನ ಕೈ ಎಷ್ಟೋ ಹಾಳೆಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ವಿದ್ವಾಂಸರು ಬಹುಕಾಲ ಅವನನ್ನು ಮುಖ್ಯ ನಕಲುಗಾರ ‘ಎ’ ಎಂದಷ್ಟೇ ಕರೆದರು. ಅವನ ಅಕ್ಷರದ ಬಾಗು, ಅವನು ಸ್ವರಕ್ಕೆ ಬಾಲ ಎಳೆಯುವ ರೀತಿ ಎಲ್ಲ ಗೊತ್ತು, ಅವನು ಯಾರೆಂದು ಮಾತ್ರ ಗೊತ್ತಿಲ್ಲ. ಕಡೆಗೆ ಅವನು ಯೊಹಾನ್ ಆಂದ್ರೇಯಾಸ್ ಕೂನೌ ಎಂಬ ವಿದ್ಯಾರ್ಥಿ ಎಂದು ತಿಳಿಯಿತು. ಬಾಖ್‌ನ ಹೆಂಡತಿ ಅನ್ನಾ ಮಗ್ದಲೇನಾ ಕೂಡ ಬರೆಯುತ್ತಿದ್ದಳು, ಮತ್ತು ಬರೆಯುತ್ತ ಬರೆಯುತ್ತ ಅವಳ ಕೈ ಗಂಡನ ಕೈಯಂತೆಯೇ ಆಗಿಹೋಯಿತು, ಎರಡನ್ನೂ ಬೇರೆ ಮಾಡಲು ಹಿಂದಿನವರು ತಡಕಾಡಿದ್ದುಂಟು. ಇವತ್ತು ಲೋಕವೆಲ್ಲ ನುಡಿಸುವ ಚೆಲ್ಲೋ ಸೂಟ್‌ಗಳ ಬಾಖ್‌ನ ಸ್ವಂತ ಪ್ರತಿ ಕಳೆದುಹೋಗಿದೆ. ನಮ್ಮ ಬಳಿ ಇರುವ ಮುಖ್ಯ ಆಧಾರ ಆ ಹೆಂಗಸಿನ ಬರವಣಿಗೆ. ಮನೆ ತುಂಬ ಮಕ್ಕಳು, ಹೋದ ಮಕ್ಕಳ ನೆನಪು, ಬಂದು ಹೋಗುವ ಶಿಷ್ಯರು, ಇದರ ನಡುವೆ ಕೂತು ಅವಳು ಎಳೆದ ಆ ಬಾಗುಗೆರೆಗಳನ್ನು ನೋಡಿ ಚೆಲ್ಲೋ ನುಡಿಸುವವರು ಇಂದಿಗೂ ಕಮಾನು ಎಲ್ಲಿ ತಿರುಗಿಸಬೇಕೆಂದು ಯೋಚಿಸುತ್ತಾರೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಬಾಖ್‌ನ ದೊಡ್ಡ ಜೀವನಚರಿತ್ರೆ ಬರೆದ ಫಿಲಿಪ್ ಸ್ಪಿಟ್ಟಾ, ಸ್ತೋತ್ರಗೀತೆಗಳ ಮೇಲೆ ಕಟ್ಟಿದ ಮಹಾ ಕಾಂಟಾಟಾಗಳನ್ನು ಬಾಖ್‌ನ ಮಾಗಿದ ವಯಸ್ಸಿನವು ಎಂದು ನಂಬಿದ್ದರು. ನಂಬುವಂತೆಯೇ ಇತ್ತು, ಅಷ್ಟು ಆಳ ನೆರೆಗೂದಲಿನಿಂದಲೇ ಬರಬೇಕು ಎನ್ನಿಸುತ್ತದೆ. 1950ರ ದಶಕದಲ್ಲಿ ಆಲ್‌ಫ್ರೆಡ್ ಡ್ಯೂರ್ ಮತ್ತು ಗೇಯೋರ್ಗ್ ಫಾನ್ ಡಾಡೆಲ್ಸೆನ್ ಎಂಬ ಇಬ್ಬರು ವಿದ್ವಾಂಸರು, ಯುದ್ಧದಲ್ಲಿ ಸುಟ್ಟು ಎರಡಾದ ಜರ್ಮನಿಯಲ್ಲಿ, ಚದುರಿಹೋದ ಹಾಳೆಗಳನ್ನು ಒಂದೊಂದಾಗಿ ನೋಡುತ್ತ ಹೋದರು. ಯಾವ ಚಂದ್ರ, ಯಾವ ಅಕ್ಷರ, ಯಾವ ಹುಡುಗನ ಕೈ, ಆ ಕೈ ಯಾವ ವರ್ಷ ಬಂದು ಯಾವ ವರ್ಷ ಹೋಯಿತು. ಬಿಡಿ ಬಿಡಿ ಗುರುತುಗಳು ಒಂದಕ್ಕೊಂದು ಕೈಹಿಡಿದು, ಚರ್ಚಿನ ಪಂಚಾಂಗದ ಭಾನುವಾರಗಳ ಮೇಲೆ ಬಂದು ಕೂತವು. 1957ರಲ್ಲಿ ಡ್ಯೂರ್ ಅವರ ಕಾಲಗಣನೆ ಅಚ್ಚಾದಾಗ ಹಳೆಯ ಬಾಖ್ ಕರಗಿಹೋಗಿದ್ದ. ಆ ಸ್ತೋತ್ರ ಕಾಂಟಾಟಾಗಳಲ್ಲಿ ಬಹುಪಾಲು ಹುಟ್ಟಿದ್ದು ಮುಪ್ಪಿನ ನಿಧಾನದಲ್ಲಿ ಆಗಿರಲಿಲ್ಲ. 1724ರ ಜೂನ್‌ನಿಂದ 1725ರ ಮಾರ್ಚ್‌ವರೆಗಿನ ಒಂದೇ ಉಸಿರಿನಲ್ಲಿ, ವಾರಕ್ಕೊಂದರಂತೆ. ಒಂದು ಮುಗಿದು ಅದರ ಮೊಳಗು ಚರ್ಚಿನ ಕಮಾನುಗಳಲ್ಲಿ ಆರುವ ಮೊದಲೇ ಇನ್ನೊಂದರ ಮೊದಲ ಗೆರೆ. ಹಾಳೆಗಳ ಕಾಲ ತಿಳಿದರೆ ಬೆರಗು ಕಡಿಮೆಯಾದೀತೆಂದು ಅಂಜುವವರನ್ನು ನಾನು ಕಂಡಿದ್ದೇನೆ. ನನಗಾದದ್ದು ತದ್ವಿರುದ್ಧ. ಹಲವು ದಶಕ ಮುಪ್ಪಿನ ಬೆಳಕಿನಲ್ಲಿ ಕಂಡದ್ದು ಮೂವತ್ತೊಂಬತ್ತರ ಗಂಡಸೊಬ್ಬನ ಉರಿಯುವ ಒಂಬತ್ತು ತಿಂಗಳೆಂದು ಗೊತ್ತಾದ ದಿನದಿಂದ ಆ ಕಾಂಟಾಟಾಗಳನ್ನು ಕೇಳುವಾಗ ನನ್ನೊಳಗೆ ಒಂದು ನಡುಕ ಸೇರಿಕೊಂಡಿದೆ.

ಕೈಗೂ ವಯಸ್ಸಾಗುತ್ತದೆ. ಯೌವನದ ಬಾಖ್ ಬರೆದ ಸ್ವರಗಳ ಬಾಲಗಳು ಗಾಳಿಗೆ ಬಾಗಿದ ಹುಲ್ಲಿನ ಹಾಗೆ ಒಂದೇ ಕಡೆ ವಾಲಿ ಹರಿಯುತ್ತವೆ. ಕೊನೆಯ ವರ್ಷಗಳಲ್ಲಿ ಅದೇ ಕೈ ಬಿಗಿಯುತ್ತದೆ, ತಲೆಗಳು ದಪ್ಪಗಾಗುತ್ತವೆ, ಗೆರೆ ತಡವರಿಸುತ್ತದೆ. ಜಪಾನಿನಿಂದ ಜರ್ಮನಿಗೆ ಹೋದ ಯೊಶಿತಾಕೆ ಕೊಬಯಾಶಿ ಆ ತಡವರಿಕೆಯನ್ನು ವರ್ಷಗಟ್ಟಲೆ ನೋಡಿದರು; ಕಣ್ಣು ಮಂಜಾಗುತ್ತಿದ್ದ ಮುದುಕನ ಬರವಣಿಗೆಯ ಒಂದೊಂದು ಬದಲಾವಣೆಯನ್ನೂ ಗುರುತಿಸಿ, ಯಾವುದರ ಮೊದಲು ಯಾವುದು ಎಂದು 1988ರಲ್ಲಿ ಹೇಳಿದರು. ಅದಕ್ಕೂ ಮುಂಚೆ ಎಲ್ಲರಿಗೂ ಪ್ರಿಯವಾಗಿದ್ದ ಚಿತ್ರವೊಂದಿತ್ತು: ‘ಆರ್ಟ್ ಆಫ್ ಫ್ಯೂಗ್’ನ ಕೊನೆಯ ರಚನೆ 239ನೆಯ ಅಂಕಣದಲ್ಲಿ ನಡುವೆಯೇ ನಿಂತಿದೆ, ತನ್ನ ಹೆಸರಿನ ನಾಲ್ಕು ಅಕ್ಷರಗಳನ್ನೇ ಸ್ವರವಾಗಿಸಿ ಹೆಣೆದ ಆ ಗಳಿಗೆಯಲ್ಲಿ ಲೇಖನಿ ಕೈಯಿಂದ ಜಾರಿತು, ಸಾವು ಬಂತು ಎಂದು. ಹಾಳೆಯ ಅಂಚಿನಲ್ಲಿ ಮಗ ಕಾರ್ಲ್ ಫಿಲಿಪ್ ಎಮಾನುವೆಲ್ ಕೂಡ ಹಾಗೆಯೇ ಬರೆದಿಟ್ಟಿದ್ದಾನೆ. ಕೈಬರಹ ಬೇರೆ ಮಾತು ಹೇಳುತ್ತದೆ. ಬಾಖ್ ಆ ಹಾಳೆಯನ್ನು ಬದಿಗಿಟ್ಟು ಇನ್ನೊಂದು ಕೆಲಸಕ್ಕೆ ತಿರುಗಿದ್ದ, ‘ಬಿ ಮೈನರ್ ಮಾಸ್’ಗೆ. 1733ರಲ್ಲೇ ಬರೆದಿದ್ದ ಮೊದಲ ಭಾಗಗಳನ್ನು ಎತ್ತಿಕೊಂಡು, 1748-49ರಲ್ಲಿ ಅದನ್ನು ಇಡಿಯಾಗಿ ಕಟ್ಟಿ ಮುಗಿಸಿದ. ಕಟ್ಟಿದ ಮೇಲೆ, ದೇವರು ಮನುಷ್ಯನ ಮೈ ತಾಳಿದನೆಂಬ ಮಾತು ಬರುವ ಕಡೆ, ಅದು ಬೇರೊಂದು ಯುಗಳಗೀತೆಯೊಳಗೆ ಸೇರಿಹೋಗಿದ್ದುದು ಅವನಿಗೆ ಸಾಲದೆನಿಸಿರಬೇಕು. ಪ್ರತ್ಯೇಕವಾಗಿ ಒಂದು ಹಾಳೆ ಸೇರಿಸಿ, ಪಿಟೀಲುಗಳು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತಲೇ ಇರುವ, ದನಿಗಳು ಒಂದರ ಹಿಂದೊಂದು ತಲೆಬಾಗಿ ಒಳಬರುವ ಹೊಸ ಸಮೂಹಗಾನವನ್ನು ಬರೆದ. ಅವನು ಬರೆದ ಕೊನೆಯ ಸಂಗೀತಗಳಲ್ಲಿ ಅದೊಂದು, ಬಹುಶಃ ಕೊನೆಯದೇ. ನಡುಗುವ ಕೈ ಇಳಿಯುವ ಸ್ವರಗಳನ್ನು ಬರೆದಿದೆ, ಮೇಲಿನದು ಕೆಳಗೆ, ಬೆಳಕು ಮೈಯೊಳಗೆ. ಸಾವು ತಡೆದು ನಿಲ್ಲಿಸಿತೆನ್ನುವ ರಚನೆಗಿಂತ, ಸಾವಿನ ನೆರಳಲ್ಲಿ ಅವನು ನಡುವೆ ಜಾಗ ಬಿಡಿಸಿ ಸೇರಿಸಿದ ಈ ಹಾಳೆಯೇ ನನ್ನನ್ನು ಹೆಚ್ಚು ಹೊತ್ತು ಹಿಡಿದಿಡುತ್ತದೆ.

ಆ ಮಾಸ್‌ನ ಹಾಳೆಗಳ ಮೇಲೆ ತಂದೆಯ ಶಾಯಿಯೂ ಇದೆ, ಮಗನ ಶಾಯಿಯೂ ಇದೆ. 1786ರಲ್ಲಿ ಹ್ಯಾಂಬರ್ಗ್‌ನಲ್ಲಿ ಅದರ ಒಂದು ಭಾಗವನ್ನು ಹಾಡಿಸಿದ ಮಗ ಅಲ್ಲಲ್ಲಿ ತಿದ್ದಿದ್ದ, ಮಸುಕಾದಲ್ಲಿ ಮೇಲೆ ಬರೆದಿದ್ದ. ಇತ್ತೀಚೆಗೆ ಎಕ್ಸ್-ರೇ ಹಾಯಿಸಿ, ಶಾಯಿಯಲ್ಲಿರುವ ಲೋಹಗಳ ಪ್ರಮಾಣ ನೋಡಿ, ಯಾವುದು ತಂದೆಯದು ಯಾವುದು ಮಗನದು ಎಂದು ಬಿಡಿಸಿದರು. ಓಕ್ ಮರದ ಗಂಟುಕಾಯಿಯ ರಸಕ್ಕೆ ಕಬ್ಬಿಣದ ಲವಣ ಬೆರೆಸಿದ ಆ ಶಾಯಿ ಬರೆಯುವಾಗ ಮಂಕಾಗಿದ್ದು ಗಾಳಿಗೆ ಕಪ್ಪಾಗುತ್ತದೆ. ಮತ್ತೆ ನೂರಾರು ವರ್ಷ ಕಾಗದವನ್ನು ಮೆಲ್ಲಗೆ ತಿನ್ನುತ್ತದೆ. ಸ್ವರ ಒತ್ತಾಗಿ ತುಂಬಿದ ಕಡೆಯೇ ತೂತು ಹೆಚ್ಚು. ಸಂಗೀತ ಎಲ್ಲಿ ಅತಿ ಸಾಂದ್ರವೋ ಅಲ್ಲೇ ಹಾಳೆ ಉದುರಿಬೀಳುವುದು. ಇದನ್ನು ತಡೆಯಲು ಬರ್ಲಿನ್ನಿನ ರಾಜ್ಯ ಗ್ರಂಥಾಲಯದವರು ಕೆಲವು ಹಾಳೆಗಳಿಗೆ ಮಾಡಿಸಿದ ಕೆಲಸವನ್ನು ಮೊದಲು ಓದಿದಾಗ ನಂಬಲು ಕಷ್ಟವಾಯಿತು. ಹಾಳೆಯ ಎರಡೂ ಬದಿಗೆ ಅಂಟಿನಿಂದ ಬೇರೆ ಕಾಗದ ಹತ್ತಿಸಿ, ಎರಡು ಕಡೆಯಿಂದ ಎಳೆದು, ಒಂದೇ ಹಾಳೆಯನ್ನು ದಪ್ಪದಲ್ಲಿ ಸೀಳುತ್ತಾರೆ. ಮುಂಬದಿ ಒಂದು ಕಡೆ, ಹಿಂಬದಿ ಇನ್ನೊಂದು ಕಡೆ. ನಡುವೆ ತೆಳುವಾದ ಗಟ್ಟಿ ಕಾಗದವನ್ನಿಟ್ಟು ಮತ್ತೆ ಸೇರಿಸುತ್ತಾರೆ. ಕಾಗದಕ್ಕೆ ಒಳಗು ಎಂಬುದೊಂದಿದೆ ಎಂದು ನಾನು ಯೋಚಿಸಿಯೇ ಇರಲಿಲ್ಲ. ಅದನ್ನು ತೆರೆದ ಕೈಗಳು ಆ ಗಳಿಗೆಯಲ್ಲಿ ಎಷ್ಟು ಉಸಿರು ಬಿಗಿಹಿಡಿದಿರಬೇಕು!

ಯೇಸುವಿನ ಕೊನೆಯ ಯಾತನೆಯನ್ನು ಹಾಡುವ ‘ಸಂತ ಮತ್ತಾಯನ ಪ್ಯಾಶನ್’ನ 1736ರ ಶುದ್ಧಪ್ರತಿಯೂ ಬರ್ಲಿನ್ನಿನಲ್ಲಿದೆ. ಅದರಲ್ಲಿ ಸುವಾರ್ತೆಯ ಮಾತುಗಳೆಲ್ಲ ಕೆಂಪು ಶಾಯಿಯಲ್ಲಿವೆ, ಉಳಿದದ್ದು ಕಂದುಗಪ್ಪು; ಮುಂದೊಮ್ಮೆ ಅಂಚುಗಳು ಹಾಳಾದಾಗ ಬಾಖ್ ತಾನೇ ಕಾಗದದ ಪಟ್ಟಿ ಅಂಟಿಸಿ, ಹೋದ ಸ್ವರಗಳನ್ನು ಮತ್ತೆ ಬರೆದಿದ್ದಾನೆ. ಮುಂದಿನ ವಾರಕ್ಕೆ ಇನ್ನೊಂದು ಬರೆಯುವ ರೂಢಿಯವನು ಹಳೆಯದೊಂದನ್ನು ಹೀಗೆ ಕೂತು ಹೊಲಿದುಕೊಂಡದ್ದು ಅಪರೂಪ. ಅದನ್ನು ಮೊದಲು ಹಾಡಿದ್ದು 1729ರಲ್ಲಿ ಎಂದು ಬಹುಕಾಲ ನಂಬಲಾಗಿತ್ತು. ಸಂಗೀತ ವಿದ್ವಾಂಸ ಜೋಶುವಾ ರಿಫ್ಕಿನ್ 1975ರಲ್ಲಿ ಅದನ್ನು ಎರಡು ವರ್ಷ ಹಿಂದಕ್ಕೆ, 1727ರ ಏಪ್ರಿಲ್ 11ರ ಶುಭ ಶುಕ್ರವಾರಕ್ಕೆ ಒಯ್ದರು. ಆ ಮಧ್ಯಾಹ್ನವನ್ನು ಮನಸ್ಸಿನಲ್ಲಿ ಕಟ್ಟಿಕೊಳ್ಳಲು ನನಗೆ ನೆರವಾಗುವುದು ಇನ್ನೊಂದು ಸಂಗತಿ. ಲೈಪ್‌ಜಿಗ್‌ನಲ್ಲಿ ಈಸ್ಟರಿಗೆ ಮುಂಚಿನ ಲೆಂಟ್‌ನ ವಾರಗಳಲ್ಲಿ ಕಾಂಟಾಟಾ ಇರುತ್ತಿರಲಿಲ್ಲ, ನಡುವೆ ಬರುವ ಮರಿಯಮ್ಮನ ಹಬ್ಬವೊಂದನ್ನು ಬಿಟ್ಟರೆ. ವಾದ್ಯಗಳು ಮೌನ. ವಾರಗಟ್ಟಲೆ ಬರಿದಾಗಿದ್ದ ಆ ಕಿವಿಗಳ ಮೇಲೆ, ಚಳಿ ಬಿಟ್ಟಿರದ ಆ ಕಲ್ಲಿನ ಚರ್ಚಿನಲ್ಲಿ, ಎರಡು ಮೇಳ, ಎರಡು ವಾದ್ಯವೃಂದ ಒಟ್ಟಿಗೆ ಎದ್ದು ಅಲೆಯಾಗಿ ಬಂದಾಗ ಏನಾಗಿರಬಹುದು? ಇಂದು ಬೆರಳು ತಾಕಿಸಿದರೆ ಸಂಗೀತ ಸುರಿಯುವ ನಾವು ಆ ಹಸಿವನ್ನು ಕಳೆದುಕೊಂಡಿದ್ದೇವೆ. ಹಳೆಯ ವಾದ್ಯಗಳನ್ನೆಲ್ಲ ಮತ್ತೆ ಮಾಡಿಕೊಳ್ಳಬಹುದು, ಆ ಹಸಿದ ಕಿವಿಯನ್ನು ಹೇಗೆ ಮಾಡಿಕೊಳ್ಳುವುದು?

ವಾದ್ಯಗಳನ್ನು ಮತ್ತೆ ಮಾಡಿಕೊಂಡ ಕತೆ ಮಾತ್ರ ಸುಂದರವಾಗಿದೆ. ಬಾಖ್ ತನ್ನ ಹಾಳೆಗಳಲ್ಲಿ ‘ಓಬೋ ದಾ ಕಾಚಾ’ ಎಂದು ಬರೆದ ವಾದ್ಯವೊಂದು ಹದಿನೆಂಟನೆಯ ಶತಮಾನ ಮುಗಿಯುವಷ್ಟರಲ್ಲಿ ಲೋಕದಿಂದಲೇ ಹೋಗಿತ್ತು. ಅದು ಹೇಗಿತ್ತೆಂದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಅದರ ಜಾಗದಲ್ಲಿ ಬೇರೆ ವಾದ್ಯ ಊದುತ್ತಿದ್ದರು. 1970ರ ದಶಕದಲ್ಲಿ ಸ್ಟಾಕ್‌ಹೋಮ್ ಮತ್ತು ಕೋಪನ್‌ಹೇಗನ್‌ನ ಸಂಗ್ರಹಾಲಯಗಳಲ್ಲಿದ್ದ ವಿಚಿತ್ರ ಆಕಾರದ ಎರಡು ವಾದ್ಯಗಳತ್ತ ಕಣ್ಣು ಹೊರಳಿತು. ಅವನ್ನು ಮಾಡಿದವನು ಐಕೆಂಟೋಪ್ಫ್, ಲೈಪ್‌ಜಿಗ್‌ನವನೇ, ವರ್ಷ 1724, ಬಾಖ್ ವಾರಕ್ಕೊಂದು ಬರೆಯುತ್ತಿದ್ದ ಅದೇ ವರ್ಷ. ನೇರವಾದ ಮರದ ಕೊಳವೆಯನ್ನು ಕೊರೆದು, ಒಂದು ಬದಿಯಲ್ಲಿ ಸಾಲಾಗಿ ಗರಗಸದ ಕಚ್ಚು ಹಾಕಿ, ಹಬೆಯಲ್ಲಿ ಬಗ್ಗಿಸಿದಾಗ ಕಚ್ಚುಗಳು ಮುಚ್ಚಿಕೊಂಡು ಮರ ಬಿಲ್ಲಾಗುತ್ತದೆ. ಮೇಲೆ ಚರ್ಮ ಸುತ್ತಿ, ತುದಿಗೆ ಹಿತ್ತಾಳೆಯ ಅಗಲವಾದ ಬಾಯಿ. ಊದಿದರೆ ಓಬೋದ ಮೊನಚಿಲ್ಲ, ಕಹಳೆಯ ಹೊಳಪೂ ಇಲ್ಲ. ಮಂಜಿನೊಳಗಿಂದ ದೀಪ ಹಿಡಿದು ಬರುವವರ ಹಾಗೆ ಒಂದು ಬೆಚ್ಚನೆಯ, ಅಂಚು ಕರಗಿದ ದನಿ. ಎರಡು ಶತಮಾನ ಯಾರ ಕಿವಿಗೂ ಬೀಳದ ಬಣ್ಣ ಮೊದಲ ಬಾರಿ ಕೇಳಿದಾಗ ಅಲ್ಲಿದ್ದವರು ಏನೆಂದುಕೊಂಡರೋ!

ಪ್ಯಾಶನ್‌ನಲ್ಲಿ ಆ ವಾದ್ಯ ಬರುವ ಒಂದು ಎಡೆಯಿದೆ. ಯೇಸುವನ್ನು ಶಿಲುಬೆಗೇರಿಸು ಎಂದು ಜನ ಅರಚಿದ್ದಾರೆ. ಇವನೇನು ಕೆಟ್ಟದ್ದು ಮಾಡಿದ್ದಾನೆ ಎಂದು ಪಿಲಾತನು ಕೇಳುತ್ತಾನೆ. ಗುಂಪು ಉತ್ತರಿಸುವ ಮೊದಲು ಕಾಲ ನಿಂತುಬಿಡುತ್ತದೆ. ಎಳೆಯ ದನಿಯೊಂದು ಏಳುತ್ತದೆ, ಅವನು ಕುರುಡರಿಗೆ ಕಣ್ಣು ಕೊಟ್ಟ, ಕುಂಟರನ್ನು ನಡೆಸಿದ ಎಂದು ನೆನೆಯುತ್ತದೆ. ಆಮೇಲೆ ಆರಿಯಾ. ಬಾಖ್‌ನ ಕಾಲದ ಸಂಗೀತ ಬಹುಪಾಲು ನಿಲ್ಲುವುದು ಮಂದ್ರದ ಮೇಲೆ. ಚೆಲ್ಲೋ, ಆರ್ಗನ್ ಕೆಳಗೆ ನಡೆಯುತ್ತಲೇ ಇರುತ್ತವೆ, ಮೇಲಿನದೆಲ್ಲ ಆ ನೆಲದ ಮೇಲೆ ನಡೆಯುತ್ತದೆ. ಇಲ್ಲಿ ಬಾಖ್ ಆ ನೆಲವನ್ನೇ ತೆಗೆದುಬಿಟ್ಟಿದ್ದಾನೆ. ಆರ್ಗನ್ ಇಲ್ಲ, ಮಂದ್ರದ ತಂತಿಯಿಲ್ಲ. ಒಂದು ಕೊಳಲು, ಒಂದು ದನಿ, ಕೆಳಗೆ ಎರಡು ಓಬೋ ದಾ ಕಾಚಾಗಳು ಬಿಟ್ಟು ಬಿಟ್ಟು ಇಡುವ ಮೆತ್ತನೆಯ ಹೆಜ್ಜೆ, ಅಷ್ಟೇ. ತಂಬೂರಿಯ ಜೊತೆಗೇ ಬೆಳೆದ ನಮ್ಮ ಕಿವಿಗೆ ಇದು ತಟ್ಟನೆ ತಾಕುತ್ತದೆ. ಆಧಾರ ಷಡ್ಜವೇ ನಿಂತುಹೋಗಿ ಹಾಡು ಮಾತ್ರ ಮುಂದುವರಿದರೆ ಎದೆಯಲ್ಲಿ ಆಗುವ ಆ ಬಿದ್ದುಹೋಗುವ ಭಾವ. ಪ್ರೀತಿಯಿಂದ ಸಾಯಲು ಹೊರಟವನ ಕಾಲಡಿಯಲ್ಲಿ ಏನೂ ಇಲ್ಲ. ಕೊಳಲು ಸುತ್ತಿ ಸುತ್ತಿ ಏರಿ, ಎಲ್ಲೋ ಒಂದು ಕಡೆ ನಿಂತು, ಉಸಿರು ಮರೆತ ಹಾಗೆ ತಡೆದು, ಮತ್ತೆ ಇಳಿಯುತ್ತದೆ. ಮೈಸೂರಿನ ಮಳೆಗಾಲದ ರಾತ್ರಿಯೊಂದರಲ್ಲಿ, ಸುತ್ತ ಎಲ್ಲರೂ ಮಲಗಿರುವಾಗ ಇದನ್ನು ಕೇಳುತ್ತ ನಾನು ಎಷ್ಟೋ ಹೊತ್ತು ಮಂದ್ರ ಬಂದೀತೆಂದು ಕಾದಿದ್ದೆ. ಬರುವುದಿಲ್ಲ. ಆರಿಯಾ ಮುಗಿದು ಮತ್ತೆ ಗುಂಪಿನ ಅರಚು, ಅದೇ ಸಂಗೀತ, ಈ ಸಲ ಒಂದು ಸ್ವರ ಮೇಲಕ್ಕೆ. ಜಗತ್ತು ನಿಂತಲ್ಲಿಂದಲೇ ಮತ್ತೆ ಶುರುವಾಗಿದೆ, ಇನ್ನಷ್ಟು ಕ್ರೂರವಾಗಿ. ಆ ಕೆಲವು ನಿಮಿಷ ಎಲ್ಲಿಂದ ಬಂದು ಎಲ್ಲಿಗೆ ಹೋದವು?

ಬಾಖ್‌ನ ಕಾಲದಲ್ಲಿ ಈ ದನಿ ಹುಡುಗರದು. ಚರ್ಚಿನಲ್ಲಿ ಹೆಂಗಸರು ಹಾಡುತ್ತಿರಲಿಲ್ಲ. 1971ರಿಂದ ಸುಮಾರು ಎರಡು ದಶಕ ಹಿಡಿದು ನಿಕೊಲಾಸ್ ಹಾರ್ನೊನ್‌ಕೂರ್ ಮತ್ತು ಗುಸ್ತಾವ್ ಲಿಯೊನ್‌ಹಾರ್ಟ್ ಬಾಖ್‌ನ ಧಾರ್ಮಿಕ ಕಾಂಟಾಟಾಗಳೆಲ್ಲವನ್ನೂ ಕರುಳಿನ ತಂತಿ, ಬಾಗಿದ ಕಮಾನು, ಕವಾಟವಿಲ್ಲದ ಕಹಳೆಗಳಲ್ಲಿ ಮುದ್ರಿಸಿದಾಗ ಬಹುಪಾಲು ಹುಡುಗರನ್ನೇ ಹಾಡಿಸಿದರು. ಅಲ್ಲಲ್ಲಿ ಎಳೆ ಗಂಟಲು ತತ್ತರಿಸುತ್ತದೆ, ಉಸಿರು ಸಾಲದೆ ಸಾಲು ಮುರಿಯುತ್ತದೆ. ನಯವಾದ ಧ್ವನಿಮುದ್ರಿಕೆಗಳು ಆಮೇಲೆ ಎಷ್ಟೋ ಬಂದವು, ಜಪಾನಿನ ಕೋಬೆಯಲ್ಲಿ ವಿಶ್ವವಿದ್ಯಾಲಯವೊಂದರ ಪ್ರಾರ್ಥನಾಲಯದಲ್ಲಿ ಮಸಾಅಕಿ ಸುಜುಕಿಯವರ ಮೇಳ 2013ರಲ್ಲಿ ಮುಗಿಸಿದ್ದಂತೂ ಬೆಳಗಿನ ನೀರಿನಷ್ಟು ತಿಳಿ. ಆದರೂ ನನ್ನ ಮನಸ್ಸು ಆ ತತ್ತರಿಸುವ ಗಂಟಲಿನ ಕಡೆಗೇ ವಾಲುತ್ತದೆ. ಹಿಂದಿನ ರಾತ್ರಿ ತಾನೇ ನಕಲು ಮಾಡಿದ ಹಾಳೆಯನ್ನು ಹಿಡಿದು, ಶಾಯಿಯ ವಾಸನೆ ಇನ್ನೂ ಹೋಗಿರದ ಬೆರಳುಗಳಲ್ಲಿ, ಬಹಳವೆಂದರೆ ಒಂದೆರಡು ಸಲ ಅಭ್ಯಾಸ ಮಾಡಿ ನಿಂತ ಹುಡುಗನೊಬ್ಬ ಆ ಕಂಪನದಲ್ಲಿ ಕಾಣಿಸುತ್ತಾನೆ.

ಬಾಖ್‌ನ ಹತ್ತಿರ ಕಾಲೋವ್ ವ್ಯಾಖ್ಯಾನದ ಬೈಬಲ್ ಇತ್ತು, ಮೂರು ದಪ್ಪ ಸಂಪುಟ, 1733 ಎಂದು ಅವನ ಸಹಿ. ಅದು ಹೇಗೋ ಕಡಲು ದಾಟಿ, 1934ರಲ್ಲಿ ಅಮೆರಿಕದ ಮಿಶಿಗನ್‌ನ ಮನೆಯೊಂದರಲ್ಲಿ ಕಣ್ಣಿಗೆ ಬಿತ್ತು. ಒಳಗೆ ಅಲ್ಲಲ್ಲಿ ಗೆರೆ ಎಳೆದಿದೆ, ಅಂಚಿನಲ್ಲಿ ಟಿಪ್ಪಣಿ. ಟಿಪ್ಪಣಿ ಅವನದೇ, ಬರೀ ಗೆರೆಗಳು ಯಾರವು? ಗೆರೆಗೆ ಕೈಬರಹವಿಲ್ಲ. 1980ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್‌ನ ಪ್ರಯೋಗಾಲಯದಲ್ಲಿ ಸೈಕ್ಲೋಟ್ರಾನ್‌ನಿಂದ ಪ್ರೋಟಾನುಗಳ ಕಿರಣ ಹಾಯಿಸಿ ಆ ಗೆರೆಗಳ ಶಾಯಿಯನ್ನು ಪರೀಕ್ಷಿಸಿದರು. ಪರಮಾಣುವಿನ ಎದೆ ನೋಡಲು ಕಟ್ಟಿದ ಯಂತ್ರ, ಮನುಷ್ಯನೊಬ್ಬ ಓದುತ್ತ ಓದುತ್ತ ಎಲ್ಲಿ ತಡೆದು ನಿಂತ ಎಂದು ನೋಡುತ್ತಿದೆ. ಸೊಲೊಮೋನನ ದೇವಾಲಯದಲ್ಲಿ ಹಾಡುವವರೂ ಕಹಳೆಯವರೂ ಒಂದೇ ದನಿಯಾದಾಗ ಮೋಡವೊಂದು ಮನೆ ತುಂಬಿತೆಂಬ ಕತೆಯ ಪಕ್ಕದಲ್ಲಿ ಬಾಖ್ ತನ್ನ ಕೈಯಲ್ಲೇ ಬರೆದಿದ್ದಾನೆ: ಭಕ್ತಿಯಿಂದ ಮಾಡುವ ಸಂಗೀತದಲ್ಲಿ ದೇವರು ಕೃಪೆಯೊಡನೆ ಯಾವಾಗಲೂ ಹಾಜರಿರುತ್ತಾನೆ, ಎಂಬರ್ಥದ ಒಂದು ಸಾಲು. ಯಾರಿಗೂ ತೋರಿಸಲು ಬರೆದದ್ದಲ್ಲ ಅದು.

2025ರ ನವೆಂಬರ್‌ನಲ್ಲಿ ಸಂತ ತೋಮಸರ ಚರ್ಚಿನಲ್ಲಿ ಆರ್ಗನ್ ವಾದಕ ಟಾನ್ ಕೂಪ್ಮನ್ ಎರಡು ಆರ್ಗನ್ ಕೃತಿಗಳನ್ನು ನುಡಿಸಿದರು, ಬಾಖ್ ಇನ್ನೂ ಇಪ್ಪತ್ತರ ಆಸುಪಾಸಿನಲ್ಲಿದ್ದಾಗ ಬರೆದ ಎರಡು ಶಾಕೋನ್‌ಗಳು. ವಿದ್ವಾಂಸ ಪೀಟರ್ ವೋಲ್ನಿ ಅವನ್ನು ಬ್ರಸೆಲ್ಸ್‌ನ ಗ್ರಂಥಾಲಯದಲ್ಲಿ ಮೊದಲು ಕಂಡದ್ದು 1992ರಲ್ಲಿ. ಕರ್ತೃವಿನ ಹೆಸರಿಲ್ಲದ ಹಾಳೆ, ಹೆಸರಿಲ್ಲದ ಕೈ. ಕೇಳಿದರೆ ಬಾಖ್ ಎನಿಸುತ್ತದೆ, ಎನಿಸಿದ್ದನ್ನು ಹೇಳುವ ಹಾಗಿಲ್ಲ. ಆ ನಕಲುಗಾರ ಬಾಖ್‌ನ ಆರ್ನ್‌ಸ್ಟಾಟ್ ದಿನಗಳ ಶಿಷ್ಯ ಸಾಲೊಮೊನ್ ಗ್ಯುಂಥರ್ ಯೋನ್ ಎಂದು ಗಟ್ಟಿಯಾಗುವವರೆಗೆ ಮೂವತ್ತಕ್ಕೂ ಹೆಚ್ಚು ವರ್ಷ ಅವರು ಕಾದರು. ಒಳಗೆ ಗೊತ್ತಿರುವುದನ್ನು ಹೊರಗೆ ಹೇಳದೆ ಅಷ್ಟು ಕಾಲ ಇಟ್ಟುಕೊಳ್ಳುವ ತಾಳ್ಮೆ ನನಗೆ ಸಂಗೀತದಷ್ಟೇ ದೊಡ್ಡದಾಗಿ ಕಾಣುತ್ತದೆ.

ಬಾಖ್ ಐದು ವರ್ಷಗಳಿಗಾಗುವಷ್ಟು ಕಾಂಟಾಟಾ ಬರೆದನೆಂದು ಅವನು ತೀರಿಕೊಂಡ ಮೇಲೆ ಬಂದ ಬರಹ ಹೇಳುತ್ತದೆ. ಉಳಿದಿರುವುದು ಸುಮಾರು ಇನ್ನೂರು. ಕಾಣೆಯಾದದ್ದರಲ್ಲಿ ‘ಸಂತ ಮಾರ್ಕನ ಪ್ಯಾಶನ್’ ಕೂಡ ಸೇರಿದೆ. 1731ರ ಶುಭ ಶುಕ್ರವಾರ ಲೈಪ್‌ಜಿಗ್‌ನಲ್ಲಿ ಅದನ್ನು ಹಾಡಿದರು. ಕವಿ ಪಿಕಾಂಡರ್ ಬರೆದ ಅದರ ಸಾಹಿತ್ಯ ಮೊದಲಿನಿಂದಲೂ ನಮ್ಮ ಕೈಯಲ್ಲಿದೆ. 1744ರಲ್ಲಿ ಮತ್ತೆ ಹಾಡಿದಾಗ ಅಚ್ಚು ಹಾಕಿಸಿ ಹಂಚಿದ ಪುಸ್ತಿಕೆಯೊಂದನ್ನು ವಿದ್ವಾಂಸೆ ತತ್ಯಾನಾ ಶಬಾಲಿನಾ ಸೇಂಟ್ ಪೀಟರ್ಸ್‌ಬರ್ಗ್‌ನ ಗ್ರಂಥಾಲಯದಲ್ಲಿ ಕಂಡುಹಿಡಿದಿದ್ದಾರೆ. ಮಾತು ಎರಡು ಸಲ ಸಿಕ್ಕಿದೆ, ಸ್ವರ ಒಂದು ಸಲವೂ ಸಿಕ್ಕಿಲ್ಲ. ಬರ್ಲಿನ್ನಿನ ಹಳೆಯ ಗಾಯನ ಸಂಘದ ಐದು ಸಾವಿರಕ್ಕೂ ಹೆಚ್ಚು ಹಸ್ತಪ್ರತಿಗಳು ಯುದ್ಧದಲ್ಲಿ ಕಾಣೆಯಾಗಿ, ಇನ್ನು ಇಲ್ಲವೆಂದು ಎಲ್ಲರೂ ಕೈಬಿಟ್ಟ ಮೇಲೆ 1999ರಲ್ಲಿ ಕೀವ್‌ನಲ್ಲಿ ಸಿಕ್ಕವಲ್ಲ, ಹಾಗೆಯೇ ಯಾವುದೋ ಊರಿನ ಯಾವುದೋ ಕಪಾಟಿನಲ್ಲಿ, ತಪ್ಪು ಹೆಸರಿನ ಕಟ್ಟೊಂದರಲ್ಲಿ ಅದು ಇದ್ದೀತು. ಇದ್ದರೆ ನಾನು ಬದುಕಿರುವಾಗಲೇ ಸಿಗಲಿ. ಸಿಕ್ಕ ಮೇಲೆ ಅದನ್ನು ಮೊದಲ ಸಲ ಹಾಡುವ ದಿನ ಚರ್ಚಿನ ಹಿಂದಿನ ಸಾಲಿನಲ್ಲಾದರೂ ನನಗೊಂದು ಜಾಗ ಸಿಗಲಿ.